ಯಾಂಗ್ಡೋಲ್ ಹೇಳಿದ ನಾಲ್ಕು ದಿನ

ಸಿಂಧೂ ದಂಡೆಯ ನಮ್ಮ ಊರಿಗೆ ಯಾಂಗ್ಡೋಲ್ ಸೊಸೆಯಾಗಿ ಬಂದಾಗ ಇಲ್ಲಿನ ಜರ್ದಾಳು, ಅಂದರೆ ಏಪ್ರಿಕಾಟ್, ಮರಗಳ ಬೀಜವೆಲ್ಲ ಕಹಿ. ಮರುವರ್ಷ ಆಕೆ ತವರಿನ ಸಿಹಿಬೀಜದ ಮರದಿಂದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಮಾವನ ಮರಕ್ಕೆ ಕಸಿ ಕಟ್ಟಿದಳು. ಅದು ಫಲ ಕೊಟ್ಟ ಮೇಲೆ ಎಲ್ಲರೂ ತಮ್ಮ ಮರಕ್ಕೂ ಕಟ್ಟಿಕೊಡೆಂದು ಕರೆಯತೊಡಗಿದರು. ನಲವತ್ತು ವರ್ಷಗಳಲ್ಲಿ ಅವಳು ಮುಟ್ಟದ ಮರ ಊರಲ್ಲಿ ಉಳಿದಿಲ್ಲ. ನಮ್ಮ ಹಿತ್ತಿಲಿನ ಮೂರೂ ಅವಳು ಕಟ್ಟಿದವೇ.

ಈಗ ಪ್ರತಿ ಏಪ್ರಿಲ್‌ನಲ್ಲಿ ನಮ್ಮಲ್ಲಿ ಹೂವಿನ ಹಬ್ಬ. ಬಂದವರು ನಮ್ಮ ಮನೆಗಳಲ್ಲೇ ಉಳಿದು, ಕುಣಿತ ನೋಡಿ, ಉಂಡು ಹೋಗುತ್ತಾರೆ. ಕೆಲವು ವರ್ಷಗಳ ಹಿಂದೆ, ಹಬ್ಬ ಇನ್ನೂ ಎರಡೇ ದಿನದ್ದಾಗಿದ್ದಾಗ, ಒಮ್ಮೆ ಚಳಿ ಬಿಡಲೇ ಇಲ್ಲ. ಹಬ್ಬದ ದಿನ ನಲವತ್ತು ಅತಿಥಿಗಳು ಬಂದಿಳಿದರೂ ಕೊಂಬೆಗಳಲ್ಲಿ ಬರೀ ಮೊಗ್ಗು. ಉಸ್ತುವಾರಿ ಹೊತ್ತಿದ್ದ ಜಿಗ್ಮೆತ್ ಲೇಹ್‌ನಿಂದ ಎರಡು ಚೀಲ ಪ್ಲಾಸ್ಟಿಕ್ ಹೂ ತರಿಸಿ, ತಾನೇ ಏಣಿ ಹತ್ತಿ ವೇದಿಕೆಯ ಪಕ್ಕದ ಮರಕ್ಕೆ ಕಟ್ಟುತ್ತಿದ್ದ.

ಯಾಂಗ್ಡೋಲ್ ಬಂದು ಏಣಿ ಹಿಡಿದು ನಿಂತಳು. "ಇಳಿ ಮಗಾ. ಅದು ಹಣ್ಣು ಬಿಟ್ರೆ ನಂಗೂ ಒಂದು ಬುಟ್ಟಿ ಕೊಡ್ತೀಯಾ?"

"ಅಮಾ-ಲೇ," ಎಂದ ಜಿಗ್ಮೆತ್, ನಮ್ಮಲ್ಲಿ ತಾಯಂದಿರನ್ನು ಗೌರವದಿಂದ ಕರೆಯುವ ಹಾಗೆ. "ಅಷ್ಟು ದೂರದಿಂದ ಬಂದೋರಿಗೆ ಇನ್ನೇನು ತೋರಿಸ್ಲಿ?"

ಅವಳು ಮೊಗ್ಗೊಂದನ್ನು ಕಿತ್ತು ಉಗುರಿನಿಂದ ಸೀಳಿದಳು. "ಒಳಗೆ ಬಣ್ಣ ಬಂದಿದೆ, ನೋಡು. ಇನ್ನು ನಾಲ್ಕೇ ದಿನ. ನಾನೇ ಹೇಳ್ತೀನಿ ಅವರಿಗೆ."

ಹೇಳಿಯೂ ಬಿಟ್ಟಳು. ವೇದಿಕೆ ಹತ್ತಿ, ತನಗೆ ಬರುವಷ್ಟು ಹಿಂದಿಯಲ್ಲಿ, ಹೋಗುವವರು ಹೋಗಬಹುದು, ಉಳಿದವರಿಗೆ ಊಟವೂ ಉಂಟು ಕೆಲಸವೂ ಉಂಟು ಎಂದಳು. ಹನ್ನೊಂದು ಜನ ಹೊರಟರು. ಉಳಿದವರು ನಮ್ಮ ಜೊತೆ ಕಾಲುವೆಯ ಹೂಳೆತ್ತಿದರು, ಜರ್ದಾಳು ಬೀಜ ಒಡೆದರು. ಕಲ್ಲಿನ ಮೇಲೆ ಅರೆದ ಬೀಜಕ್ಕೆ ಬಿಸಿನೀರು ಚಿಮುಕಿಸಿ ಮುಷ್ಟಿಯಲ್ಲಿ ಹಿಂಡಿ ಎಣ್ಣೆ ತೆಗೆಯುವುದನ್ನು ಕಲಿತ ಪುಣೆಯ ನಿವೃತ್ತ ಅಧ್ಯಾಪಕಿ ಶೈಲಜಾ ಆ ಕಲ್ಲಿನ ಪಕ್ಕದಿಂದ ಏಳಲೇ ಇಲ್ಲ.

ನಾಲ್ಕನೆಯ ದಿನ ಬಂತು. ಹೂ ಅರಳಲಿಲ್ಲ. ಜಿಗ್ಮೆತ್ ಯಾಂಗ್ಡೋಲ್ ಮುಖ ನೋಡಿದ. ಅವಳು ಏನೂ ಆಗದವಳಂತೆ ಅಂದಿನ ಅಡುಗೆಗೆ ಹಿಟ್ಟು ನಾದಲು ಕೂತಳು.

ಐದನೆಯ ಬೆಳಿಗ್ಗೆ ನದಿಯ ಕಡೆಯ ಇಳಿಜಾರಿನಲ್ಲಿದ್ದ ಮರಗಳೆಲ್ಲ ಒಟ್ಟಿಗೇ ಬಿರಿದವು. ಇಪ್ಪತ್ತೊಂಬತ್ತು ಜನರೂ ಚಹಾ ಬಿಟ್ಟು ಕೆಳಗೆ ಓಡಿದರು. ಶೈಲಜಾ ಹಿಂತಿರುಗಿ, ಲೆಕ್ಕ ಒಂದು ದಿನ ತಪ್ಪಿತಲ್ಲ ಎಂದು ಛೇಡಿಸಿದರು.

"ತಪ್ಪಿದ್ದಕ್ಕೇ ನಿಮ್ಮ ಕೈಲಿ ಇನ್ನೊಂದು ಬಾಟ್ಲಿ ಎಣ್ಣೆ ಹಿಂಡಿಸ್ಕೊಂಡೆ," ಎಂದಳು ಯಾಂಗ್ಡೋಲ್.

ಮರುವರ್ಷದಿಂದ ಹಬ್ಬ ಎರಡು ದಿನದ್ದಲ್ಲ, ಇಡೀ ವಾರದ್ದು. ದಿನ ಗೊತ್ತುಮಾಡುವ ಮುಂಚೆ ಜಿಗ್ಮೆತ್ ಬಂದು ಅವಳ ಹಿಂದೆ ತೋಟವೆಲ್ಲ ಸುತ್ತುತ್ತಾನೆ. ಕಳೆದ ಬಾರಿ ಶೈಲಜಾ ಇಬ್ಬರು ಗೆಳತಿಯರನ್ನು ಕರೆತಂದಿದ್ದರು. ಮೂವರೂ ಇಳಿದುಕೊಂಡದ್ದು ಯಾಂಗ್ಡೋಲ್ ಮನೆಯಲ್ಲಿ.