ಮರದ ಮೇಲಿದ್ದವರನ್ನು ಕೂಗಬಾರದು

ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿದರೆ, ಬಾಯಲ್ಲಿ ನೀರೂರುವ ಮೊದಲು ನನಗೆ ಮಾವ ನೆನಪಾಗುತ್ತಾರೆ. ರಕ್ತಸಂಬಂಧದವರಲ್ಲ, ಹೆಣ್ಣು ಕೊಟ್ಟವರೂ ಅಲ್ಲ, ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಹುಣಸೆಮರ ಗುತ್ತಿಗೆ ಹಿಡಿದು, ಯಾರ ಮುಂದೂ ಕೈ ಚಾಚದೆ ಬದುಕಿದ್ದೇನೆ. ಆ ಮರಗಳನ್ನೆಲ್ಲ ಹತ್ತಿ ಹಣ್ಣು ಬಡಿದವರು ಮಾವ.

ಅವರದೊಂದು ಕಟ್ಟಳೆ ಇತ್ತು. ಮರದ ಮೇಲಿದ್ದಾಗ ಕೆಳಗಿನಿಂದ ಯಾರೂ ಕೂಗಬಾರದು. ಬೀಡಿ ಇಲ್ಲ, ಹಾಡಿಲ್ಲ, ಮಾತಿಲ್ಲ. "ಈ ಯಜಮಾನಗ ಮರ ಹತ್ತಿದ ಕೂಡ್ಲೇ ಕಿವಿ ಕೆಪ್ಪಾಗತಾವ ನೋಡ್ರಿ, ಹೆಂಡ್ತಿ ಕರದ್ರೂ ಕೇಳಂಗಿಲ್ಲ" ಎಂದು ಹಣ್ಣು ಆರಿಸುವ ಹೆಂಗಸರು ನಗುತ್ತಿದ್ದರು.

ಅದೊಂದು ದಿನ... ಅವರ ಒಬ್ಬಳೇ ಮಗಳು ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದಳು. ಹಿಂದಿನ ದಿನದಿಂದ ನೋವು. ಏನೂ ಹೇಳಲಾಗದು ಅಂದಿದ್ದರಂತೆ ಡಾಕ್ಟರು. "ಇವತ್ತು ಬ್ಯಾಡ ಮಾವ" ಅಂದೆ.

"ಅಲ್ಲಿ ಗಂಡಸರನ್ನ ಒಳಗ ಬಿಡಂಗಿಲ್ಲ. ಕುಂತು ಏನು ಮಾಡ್ಲಿ?" ಎಂದವರೇ ಹತ್ತಿದರು.

ಬಿಸಿಲೇರುವ ಹೊತ್ತಿಗೆ ಅವರ ಹೆಂಡತಿ, ನಮ್ಮ ಅತ್ತೆ, ಓಡುತ್ತ ಬಂದರು. ತಾಯಿ, ಮಗು ಇಬ್ಬರೂ ಉಳಿದಿದ್ದರು! ನಾನು ಕೂಗಲು ಬಾಯಿ ತೆರೆದೆ. ಅತ್ತೆ ತೋಳು ಹಿಡಿದು, "ಸುಮ್ಕಿರು ಅಳಿಯಾ. ಇಳೀಲಿ" ಎಂದು ಬೇರಿನ ಮೇಲೆ ಕುಳಿತೇಬಿಟ್ಟರು.

ಮಾವ ಮೇಲಿನಿಂದ ಅವರನ್ನು ಕಂಡರು. ಬಡಿಯುವ ಕೋಲು ಗಕ್ಕನೆ ನಿಂತಿತು. ಆಮೇಲೆ ಒಂದೊಂದೇ ಕೊಂಬೆ ಹಿಡಿದು, ಕಾಲಿಡುವ ಜಾಗ ನೋಡಿ ನೋಡಿ ಇಳಿದರು. ಅಷ್ಟು ನಿಧಾನವಾಗಿ ಅವರು ಇಳಿದದ್ದನ್ನು ನಾನು ಕಂಡಿರಲಿಲ್ಲ. ನೆಲಕ್ಕೆ ಕಾಲೂರಿದ ಮೇಲೆಯೇ ಕೇಳಿದ್ದು: "ಅದಾಳಾ?"

"ಅದಾಳ. ಮೊಮ್ಮಗಳೂ ಅದಾಳ."

ಮಾವ ಅಲ್ಲೇ ಮಣ್ಣಲ್ಲಿ ಕುಳಿತು ನನ್ನ ಮುಂದೆ ಕೈ ಚಾಚಿದರು. ಬೆರಳೆಲ್ಲ ಗಡಗಡ ನಡುಗುತ್ತಿದ್ದವು.

"ನೋಡಲೇ, ಈ ನಡುಕ ಮ್ಯಾಲಿದ್ದಾಗ ಬಂದಿದ್ರ ಏನಾಗ್ತಿತ್ತು?"

ಹೋದ ವರ್ಷ ಮಾವ ತೀರಿಕೊಂಡರು. ಸುದ್ದಿ ಬಂದಾಗ ನಾನು ಕಾನಹೊಸಹಳ್ಳಿಯಲ್ಲಿ ಲಾರಿಗೆ ಹುಣಸೆ ಚೀಲ ಏರಿಸುತ್ತಿದ್ದೆ. ಹೆಗಲ ಮೇಲಿನ ಚೀಲ ಇಳಿಸಿದೆ. ಆಮೇಲೆ ಅಳು ಬಂತು...

ಈಗ ಮರ ಹತ್ತುವ ಹುಡುಗನ ಮೊಬೈಲನ್ನು ಕೆಳಗೇ ಇಸಿದುಕೊಳ್ಳುತ್ತೇನೆ. ಬೈದುಕೊಳ್ಳುತ್ತಲೇ ಕೊಡುತ್ತಾನೆ. ಇವತ್ತು, ಅದೇ ಮರದಡಿ, ನನ್ನ ಜೇಬಿನಲ್ಲಿ ಅದು ಒಂದೇ ಸಮನೆ ಬಡಿದುಕೊಂಡಿತು.

"ಯಾರದಣ್ಣಾ ಫೋನು?" ಮೇಲಿನಿಂದ ಕೂಗಿದ.

ನಾನು ಅದನ್ನು ಜೇಬಿನಲ್ಲೇ ಬಿಟ್ಟು ಅತ್ತೆ ಕುಳಿತಿದ್ದ ಬೇರಿನ ಮೇಲೆ ಕುಳಿತೆ, ಅವನು ಇಳಿಯುವವರೆಗೆ.