ಮಾತು ನನ್ನದು, ಕೈ ಅವರದು

ಪಂಚವಟಿಯ ಬಾಡಿಗೆ ಕೋಣೆಯಿಂದ ನನ್ನನ್ನು ಹೊರಗೆ ಹಾಕಿಸಿದ್ದು ಒಂದು ಆಡಿನ ಹೃದಯ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಕಲಿಯಲು ಬೀದರಿನಿಂದ ನಾಶಿಕಕ್ಕೆ ಬಂದಿದ್ದೆ. ಹೊಲಿಗೆಗೆ ಕೈ ಪಳಗಲೆಂದು ಕಟುಕನ ಹತ್ತಿರ ಚೌಕಾಸಿ ಮಾಡಿ ಹೃದಯ ತರುತ್ತಿದ್ದೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮಗಳು! ಒಂದನ್ನು ಡಬ್ಬಿಯಲ್ಲಿ ಹಾಕಿ ಮನೆಯೊಡತಿಯ ಫ್ರಿಜ್ಜಿನಲ್ಲಿಟ್ಟೆ. ಗುಡಿಗಳ ಓಣಿ ಅದು, ಈರುಳ್ಳಿಗೂ ಮೂಗು ಮುರಿಯುವವರು. ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು ಕರೆದು ಬಾಡಿಗೆ ಇಳಿಸಿಕೊಂಡಿದ್ದೆ. ಡಬ್ಬಿ ತೆರೆದ ಮೌಶಿ ನನ್ನ ಹಾಸಿಗೆಯನ್ನು ಅಂಗಳಕ್ಕೆ ಎಸೆದಳು.

ನಾಶಿಕದಲ್ಲಿ ಇದ್ದದ್ದು ಬರೀ ಸಂಶೋಧನೆ. ಆಪರೇಷನ್ನಿನ ಚಾಕು ಕೈಗೆ ಸಿಗುತ್ತದೆಂದು ನಂಬಿ ಛತ್ರಪತಿ ಸಂಭಾಜಿನಗರದ ಆಸ್ಪತ್ರೆಗೆ ಬಂದೆ. ಇಲ್ಲಿಯ ಭಾಕರಿಗೆ ಒಗ್ಗಿಕೊಂಡೆ. ನಮ್ಮ ಜೋಳದ ರೊಟ್ಟಿಗಿಂತ ಒಂದಿಷ್ಟು ದಪ್ಪ, ಅಷ್ಟೇ. ಒಗ್ಗದೆ ಉಳಿದದ್ದು ‘ಬಘೂ’ ಎಂಬ ಮಾತು. ನೋಡೋಣ ಎಂದರ್ಥ. ನನಗೆ ಆಪರೇಷನ್ ಯಾವಾಗ ಕೊಡುತ್ತೀರಿ ಎಂದಾಗಲೆಲ್ಲ ದೊಡ್ಡ ಡಾಕ್ಟರು ಬಘೂ ಎನ್ನುತ್ತಿದ್ದರು. ಸಂತೆಯಲ್ಲಿ ಅವ್ವನ ಜೊತೆ ಬದನೆಕಾಯಿ ಮಾರಿ ಓದಿದವಳು ನಾನು. ನೋಡೋಣ ಎಂದು ಹೋದ ಗಿರಾಕಿ ತಿರುಗಿ ಬರುವುದಿಲ್ಲ.

ಆದರೆ ಕನ್ನಡದ ಕೂಲಿಯವರು ಬಂದರೆ ಸಾಕು, ನನಗೆ ಕರೆ ಬರುತ್ತಿತ್ತು. ಚಿಕಲಠಾಣಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಶರಣಮ್ಮ ಕಲಬುರಗಿ ಕಡೆಯವಳು. ಅವಳ ಮಗಳ ಹೃದಯದ ಮೇಲಿನ ಕೋಣೆಗಳ ನಡುವೆ ರಂಧ್ರ. ಕಲಿಯುವವರಿಗೆ ಮೊದಲು ಕೊಡುವಂಥ ಕೆಲಸ. ಆಪರೇಷನ್ ಎಂದದ್ದೇ ತಡ, ಶರಣಮ್ಮ ಕೂಸನ್ನು ಎತ್ತಿಕೊಂಡು ಹೊರಟು ನಿಂತಿದ್ದಳು.

“ಒಪ್ಪಿಸುತ್ತೇನೆ ಸರ್. ಆದರೆ ಹೊಲಿಗೆ ನನ್ನದು, ನೀವು ಎದುರು ನಿಲ್ಲಿ” ಎಂದೆ.

“ಪಕ್ಕಾ ವ್ಯಾಪಾರಿ ಆಹೇಸ್ ತೂ”, ನೀನು ಪಕ್ಕಾ ವ್ಯಾಪಾರಿ, ಎಂದು ನಕ್ಕು ದೊಡ್ಡ ಡಾಕ್ಟರು ಒಪ್ಪಿದರು.

ನಾನು ಬಿಡಿಸಿ ಹೇಳಿದ ಮೇಲೆ ಶರಣಮ್ಮ ಮೆತ್ತಗಾದಳು. “ನೀವು ನಮ್ ಕಡಿಯೋರು ಅಕ್ಕಾರ. ನೀವ್ ಹೇಳಿದ್ರ ಹೆಬ್ಬಟ್ಟು ಒತ್ತತೀನಿ.”

“ಕೈನೂ ನಂದೇ ಇರ್ತದ ಯವ್ವಾ. ಸಾಹೇಬ್ರು ಎದುರಿಗೇ ಇರ್ತಾರ.”

ಅವಳ ಹುಬ್ಬು ಗಂಟಾಯಿತು. “ಹಿಂದ ಎಷ್ಟ್ ಕೂಸಿಗೋಳಿಗಿ ಮಾಡೀರಿ?”

ಬದನೆಕಾಯಿ ಆಗಿದ್ದರೆ ಸುಳ್ಳು ಹೇಳುತ್ತಿದ್ದೆ. “ಇದೇ ಮೊದಲ್ನೇದು.”

“ಹಂಗಂದ್ರ ಬ್ಯಾಡ್ರಿ. ಸಾಹೇಬ್ರ ಕೈಗುಣ ಛಲೋ ಅದ ಅಂತ ಸೈಟಿನ್ಯಾಗ ಎಲ್ಲಾರೂ ಅಂತಾರ. ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮಾತು ನಿಮ್ದಿರ್ಲಿ, ಕೈ ಅವರ್ದಿರ್ಲಿ.”

ಅದನ್ನು ಮರಾಠಿಯಲ್ಲಿ ಹೇಳಬೇಕಾದವಳೂ ನಾನೇ. ಮುಂದಿನದನ್ನಾದರೂ ನನಗೆ ಕೊಡುತ್ತೀರಾ ಎಂದೆ. “ಬಘೂ” ಎಂದರು ದೊಡ್ಡ ಡಾಕ್ಟರು.

ಊರಿನಲ್ಲಿ ಡಾಕ್ಟರಿಕೆ ಓದುತ್ತಿರುವ ತಂಗಿ-ತಮ್ಮಂದಿರೇ, ಸೀಟು ಎಲ್ಲಿದೆ ಎಂದು ಕೇಳಿಕೊಂಡು ಬರಬೇಡಿ. ಚಾಕು ಯಾರ ಕೈಗೆ ಕೊಡುತ್ತಾರೆ ಎಂದು ಅಲ್ಲಿ ಕಲಿತು ಹೋದವರನ್ನು ಹಿಡಿದು ಕೇಳಿ. ಬಾಯಿಮಾತಿಗೆ ಒಪ್ಪಬೇಡಿ. ಇನ್ನೊಂದು, ಕನ್ನಡ ಬರುತ್ತದೆಂದು ಮೊದಲ ದಿನವೇ ಹೇಳಿಕೊಳ್ಳಬೇಡಿ.

ಆಪರೇಷನ್ ದಿನ ಎದುರು ನಿಂತವಳು ನಾನು. ಅವರು ಹೊಲಿದರು, ನಾನು ದಾರ ಕತ್ತರಿಸಿದೆ. ಎಚ್ಚರವಾದ ಕೂಸು ನನ್ನನ್ನು ನೋಡಿ “ಆಯೀ ಕುಠೇ?” ಎಂದಿತು. ಅವ್ವ ಎಲ್ಲಿ ಎಂದು, ಮರಾಠಿಯಲ್ಲಿ. ಇಲ್ಲಿ ಬೆಳೆದ ಕೂಸು. ನಾನೋ, ಇಲ್ಲಿಯವರಿಗೆ ಕಾನಡೀ ಡಾಕ್ಟರು, ಬೀದರಿಗೆ ಹೋದರೆ ಮಹಾರಾಷ್ಟ್ರದ ಡಾಕ್ಟರು.

ಹೊರಗೆ ಶರಣಮ್ಮ ದೊಡ್ಡ ಡಾಕ್ಟರ ಕಾಲಿಗೆ ಬಿದ್ದಳು. ಎದ್ದು ನನ್ನ ಕಡೆ ತಿರುಗಿದಳು.

“ನಿಮ್ ಕೈ ದೇವರ ಕೈ ಅಂತ ಸಾಹೇಬ್ರಿಗಿ ಹೇಳ್ರಿ ಅಕ್ಕಾರ.”

ಎರಡೂ ಕೈ ಹಿಂದೆ ಕಟ್ಟಿಕೊಂಡು ಹೇಳಿದೆ. ನನ್ನ ಮರಾಠಿ ಈಗ ಚೆನ್ನಾಗಿದೆ.