ಒಂದೇ ಥಾನಿನ ಬಟ್ಟೆ

ನಮ್ಮ ಮನೆಯಲ್ಲಿ ಅಷ್ಟಮಿಗೆ ಹೆಣ್ಣುಮಕ್ಕಳಿಗೆಲ್ಲ ಒಂದೇ ಥಾನಿನ ಬಟ್ಟೆ. ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿಯಿದ್ದ ಮಾವ, ಅಂದರೆ ಅಮ್ಮನ ಅಣ್ಣ, ಥಾನು ತಂದು ಎಲ್ಲರಿಗೂ ಕತ್ತರಿಸಿ ಕೊಡುತ್ತಿದ್ದರು. ಒಬ್ಬಳಿಗೆ ಹೂವು, ಇನ್ನೊಬ್ಬಳಿಗೆ ಗೆರೆ ಎಂದಾದರೆ ಜಗಳವೆಂದು ಅಜ್ಜಿ ಮಾಡಿದ ಕಟ್ಟಳೆ ಅದು. ಬೆಳ್ತಂಗಡಿಯ ಮತ್ತು ಮೂಡುಬಿದಿರೆಯ ಚಿಕ್ಕಮ್ಮಂದಿರ ಮಕ್ಕಳೂ ಸೇರಿ ನಾವು ಪಾಣೆಮಂಗಳೂರಿನ ಸೇತುವೆಯ ಮೇಲೆ ಹೊರಟರೆ, ಬ್ಯಾಂಡಿನವರು ಬಂದರೆಂದು ಜನ ನಗುತ್ತಿದ್ದರು. ಆ ಬಟ್ಟೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕಾಲೇಜಿಗೆಂದು ಅಮ್ಮನ ಜೊತೆ ಮುಂಬಯಿಯಲ್ಲಿದ್ದ ಅಪ್ಪನ ಬಳಿಗೆ ಹೋಗಿ ಕಾನೂನು ಓದಿದೆ. ಅರವತ್ತರ ದಶಕದ ಆರಂಭ. ದೇಶ ದೇಶಗಳ ನಡುವಿನ ವ್ಯಾಪಾರದ ಕಾನೂನಿನ ಮೇಲೆ ಸಂಶೋಧನೆಗೆ ಅಲ್ಲೇ ಸೀಟು ಸಿಕ್ಕಿದ ವರ್ಷವೇ ಅಪ್ಪ ತೀರಿಕೊಂಡರು. ನಾನೂ ಅಮ್ಮನೂ ಬಂಟ್ವಾಳಕ್ಕೆ ಮರಳಿದೆವು. ಇನ್ನು ಮಾವ ಬೇಡವೆಂದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಮಾವ ಕೇಳಿದರು: "ಅಲ್ಲ ಮಾರಾಯ್ತಿ, ಇನ್ನೂ ಓದ್ಲಿಕ್ಕೆ ಎಂಥ ಉಂಟು?"

ಒಂದು ದೇಶಕ್ಕೆ ಸುಂಕ ಇಳಿಸಿದರೆ ಒಪ್ಪಂದದಲ್ಲಿರುವ ಉಳಿದ ದೇಶಗಳಿಗೂ ಅಷ್ಟೇ ಇಳಿಸಬೇಕು ಎಂದು ವಿವರಿಸಿದೆ. ಆ ನಿಯಮಕ್ಕೆ 'ಪರಮಾಪ್ತ ರಾಷ್ಟ್ರ' ಎಂಬ ದೊಡ್ಡ ಹೆಸರು; ನಿಜವಾಗಿ ನೋಡಿದರೆ ಅಲ್ಲಿ ಯಾರೂ ಹೆಚ್ಚು ಆಪ್ತರಲ್ಲ. ಮಾವನಿಗೆ ಅರ್ಥವಾದಂತೆ ಕಾಣದೆ, "ನಮ್ಮ ಅಷ್ಟಮಿ ಬಟ್ಟೆಯ ಹಾಗೆ, ಮಾವ" ಎಂದುಬಿಟ್ಟೆ.

"ಅದೇ ನನ್ನ ತಲೆಬಿಸಿ," ಎಂದರು ಮಾವ. "ನಿನ್ನನ್ನು ಓದಿಸಿದ್ರೆ ಬೆಳ್ತಂಗಡಿಯವಳು ಬರ್ತಾಳೆ, ಮೂಡುಬಿದಿರೆಯವಳೂ ಬರ್ತಾಳೆ. ಯಾರಿಗೆ ಇಲ್ಲ ಅಂತ ಹೇಳುವುದು?"

ನನ್ನ ಉದಾಹರಣೆ ನನ್ನ ಕುತ್ತಿಗೆಗೇ ಬಂತು. ಒಪ್ಪಂದಕ್ಕೆ ಸಹಿ ಹಾಕಲು ಸರಕಾರಗಳು ಹಿಂದೆಮುಂದೆ ನೋಡುವುದೂ ಇದೇ ಭಯಕ್ಕೆ.

ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ತಲೆಯೆತ್ತಿದರು. "ಬರ್ಲಿ ಮಗ. ನಿನ್ನನ್ನು, ನಿನ್ನ ತಮ್ಮಂದಿರನ್ನು ಓದಿಸಿದೆವು. ನಿಮ್ಮ ಮಕ್ಕಳು ಅವರವರ ಅಮ್ಮನ ಮನೆಯವರಾದರು. ಈ ಹುಡುಗಿಯರ ಮಕ್ಕಳು ನಮ್ಮ ಮನೆಯವರಲ್ವಾ? ಎಲ್ಲರಿಗೂ ಕೊಡು."

ನಮ್ಮದು ಅಳಿಯಕಟ್ಟು, ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಮಾವ ಲೋಟ ಕೆಳಗಿಟ್ಟು, "ಬಟ್ಟೆಬರೆ ಕಟ್ಟಿಕೋ. ನಾನೇ ಬಿಟ್ಟು ಬರ್ತೇನೆ" ಎಂದರು.

ಅವರು ಹೆದರಿದಂತೆಯೇ ಆಯಿತು. ಮೊದಲು ಬೆಳ್ತಂಗಡಿಯ ತಂಗಿ ಕಾಲೇಜು ಸೇರಿದಳು, ಆಮೇಲೆ ಮೂಡುಬಿದಿರೆಯವಳು. "ನಿನ್ನ ಕಾನೂನು ನನ್ನ ಅಂಗಡಿ ಮುಳುಗಿಸ್ತದೆ" ಎಂದು ನಾನು ಊರಿಗೆ ಬಂದಾಗಲೆಲ್ಲ ಮಾವ ಗೊಣಗುತ್ತಿದ್ದರು, ಆದರೆ ಒಬ್ಬಳಿಗೂ ಇಲ್ಲವೆನ್ನಲಿಲ್ಲ. ತನ್ನ ತಂಗಿಯರ ಮಕ್ಕಳಿಗಾಗಿ ಇಷ್ಟು ಮಾಡಿದ ಆ ಮನುಷ್ಯನ ಋಣ ನಾನು ತೀರಿಸಲಾರೆ.

ನನಗೆ ಡಾಕ್ಟರೇಟು ಬಂದಾಗ ಮಾವ ಒಂದು ರೇಷ್ಮೆ ಸೀರೆ ತಂದರು. ತಂಗಿಯರಿಬ್ಬರಿಗೂ ಅದೇ ಬಣ್ಣ, ಅದೇ ಅಂಚು. ಮೂವರೂ ಉಟ್ಟು ಸೇತುವೆಗೆ ಬಂದಾಗ ಜನ ಮೊದಲಿನಂತೆಯೇ ನಕ್ಕರು. ಈ ಸಲ ನಾನೇ ಎಲ್ಲರಿಗಿಂತ ಮುಂದೆ ನಡೆದೆ.